ಭಾವನ ಚೀಟಿ ದುಡ್ಡು, ಹನ್ನೆರಡೂವರೆ ಇಂಚಿನ ಲ್ಯಾಪ್‌ಟಾಪು

ನಿಮ್ಮನ್ನು ಕರಕೊಂಡು ಬಂದಿರುವುದು ದುಡ್ಡು ಹಾಕಲಿಕ್ಕಲ್ಲ, ಚೌಕಾಸಿ ಮಾಡಲಿಕ್ಕೂ ಅಲ್ಲ. ಚೌಕಾಸಿಯನ್ನು ಭಾವ ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ಭದ್ರಾವತಿಯ ಹಳೇನಗರದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡ ತಪ್ಪಿಗೆ ನೆಂಟರಿಷ್ಟರ ಪಾಲಿಗೆಲ್ಲ ನೀವು ‘ಕಂಪ್ಯೂಟರ್ ಗೊತ್ತಿರೋನು’. ಯಾರ ಮನೆಗೆ ಲ್ಯಾಪ್‌ಟಾಪು ಬರುವುದಿದ್ದರೂ ನಿಮಗೊಂದು ಫೋನು, ಆಮೇಲೊಂದು ಶಿವಮೊಗ್ಗದ ಬಸ್ಸು. ಇವತ್ತು ಅಕ್ಕನ ಮಗಳ ಸರದಿ. ಸಹ್ಯಾದ್ರಿ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಬಸ್ಸಿನಲ್ಲಿ ಅವಳು ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡಳು, ನಿಮ್ಮಿಬ್ಬರದು ಭಾವ ಕೊಟ್ಟರು. ಅವರ ಅಂಗಿಯ ಒಳಜೇಬಿನಲ್ಲಿ ಚೀಟಿ ಎತ್ತಿದ ಇಪ್ಪತ್ತೈದು ಸಾವಿರ ಇದೆ. ಬಸ್ಸು ಹೊಂಡಕ್ಕಿಳಿದಾಗಲೆಲ್ಲ ಅವರ ಕೈ ಎದೆಯ ಮೇಲೆ ಹೋಗುತ್ತಿತ್ತು.

ಈಗ ನೆಹರೂ ರಸ್ತೆಯ ಒಂದು ಶೋರೂಮಿನೊಳಗೆ ನಿಂತಿದ್ದೀರಿ. 2025ರ ದೀಪಾವಳಿ, ಬಾಗಿಲ ತುಂಬ ಆಫರಿನ ಬ್ಯಾನರು. ಹೊರಗೆ ಆಟೋ ಹಾರ್ನು, ಒಳಗೆ ಎಸಿ. ಸಾಲಾಗಿ ತೆರೆದಿಟ್ಟ ಲ್ಯಾಪ್‌ಟಾಪುಗಳ ಪರದೆಯಲ್ಲಿ ಒಂದೇ ನೀಲಿ ಹೂವು. ಸೇಲ್ಸ್ ಹುಡುಗ ಬಂದು, “ಬಜೆಟ್ ಎಷ್ಟು ಸಾರ್?” ಅನ್ನುತ್ತಾನೆ.

“ಮೊದ್ಲು ತೋರ್ಸಪ್ಪಾ. ಬಜೆಟ್ ಆಮೇಲೆ ನೋಡಣ. ಜಿಎಸ್‌ಟಿ ಇಳಿಸಿದಾರಂತಲ್ಲ, ಎಷ್ಟು ಕಮ್ಮಿ ಆತು?”

ಹುಡುಗ ತಲೆ ಕೆರೆದುಕೊಂಡು ನಿಮ್ಮ ಮುಖ ನೋಡುತ್ತಾನೆ. ಸೆಪ್ಟೆಂಬರ್ 22ರಿಂದ ಇಳಿದದ್ದು ದೊಡ್ಡ ಟಿವಿಗೆ, ಎಸಿಗೆ, ಶೇ. 28 ಇದ್ದದ್ದು 18 ಆಯಿತು. ಲ್ಯಾಪ್‌ಟಾಪಿಗೆ ಮೊದಲೂ 18, ಈಗಲೂ 18. ನೀವು ಹೇಳಿದಾಗ ಭಾವ ನಂಬುವುದಿಲ್ಲ. ಟಿವಿ ಸಾಲಿನ ಕಡೆ ಒಮ್ಮೆ ನೋಡಿ, “ಹಂಗಾರೆ ಅದನ್ನೇ ತಗಂಬಹುದಿತ್ತು” ಅನ್ನುತ್ತಾರೆ.

ಹುಡುಗ ತೋರಿಸುವ ಮೊದಲ ಪೀಸಿನ ಬೆಲೆ 21,990. ತೆಳ್ಳಗಿದೆ, ಬೆಳ್ಳಿ ಬಣ್ಣ. ಅಕ್ಕನ ಮಗಳ ಕಣ್ಣು ಅಲ್ಲೇ ನೆಟ್ಟಿದೆ. ಸೆಲೆರಾನ್ ಎನ್4020, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಇಂಟೆಲ್ ಈ ಚಿಪ್ ಬಿಟ್ಟದ್ದು 2019ರ ಕೊನೆಗೆ, ಒಳಗೆ ಎರಡೇ ಕೋರು. ಸೆಲೆರಾನ್ ಅನ್ನುವ ಹೆಸರನ್ನೇ ಕಂಪನಿ ಲ್ಯಾಪ್‌ಟಾಪುಗಳಿಂದ 2023ರಲ್ಲಿ ಕೈಬಿಟ್ಟಿದೆ. ಆದರೂ ನಿಮಗೆ ತಲೆನೋವು ಪ್ರೊಸೆಸರಿನದ್ದಲ್ಲ. ಸ್ಟಾರ್ಟ್ ಬಟನ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತೀರಿ. ಏನೊಂದೂ ಓಡುತ್ತಿಲ್ಲ, ಮೆಮೊರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ತುಂಬಿಹೋಗಿದೆ. ಡಿಸ್ಕ್ ತೆರೆದರೆ 64 ಅಂತ ಬರೆದ ಕಡೆ 58ರ ಆಸುಪಾಸು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕ. ಮೇಲಿಂದ ರಿಕವರಿಗೆ ಒಂದು ತುಂಡು. ಉಳಿದದ್ದರಲ್ಲೂ ಗಣನೀಯ ಪಾಲು ವಿಂಡೋಸೇ ನುಂಗಿ ಕೂತಿದೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಬೇಡಿಕೆ ಎಷ್ಟು ಗೊತ್ತೇ? 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಅಂದರೆ ಈ ಯಂತ್ರ ಹೊಸ್ತಿಲ ಮೇಲೇ ನಿಂತಿದೆ.

“ರ‍್ಯಾಮ್ ಮುಂದೆ ಹಾಕಿಸಬಹುದೇನಪ್ಪಾ?”

“ಹಾಕಿಸಬಹುದು ಅನ್ಸುತ್ತೆ ಸಾರ್.”

ಹಾಕಿಸಲು ಬರುವುದಿಲ್ಲ. ಈ ಮಾದರಿಯಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ, ಸ್ಟೋರೇಜೂ ಇಎಂಎಂಸಿ ಅಂತ ಅಲ್ಲೇ ಅಂಟಿಕೊಂಡ ಚಿಪ್ಪು. ಅಗ್ಗದ ಲ್ಯಾಪ್‌ಟಾಪಿನಲ್ಲಿ ಎಲ್ಲರೂ ಬೆಲೆ ನೋಡುತ್ತಾರೆ, ಬಣ್ಣ ನೋಡುತ್ತಾರೆ. ನೋಡಬೇಕಾದ್ದು ಮುಂದೆ ಬದಲಿಸಲಿಕ್ಕೆ ಬಾರದ್ದನ್ನು. ಕೀಬೋರ್ಡು ಹೋದರೆ ಹಾಕಿಸಬಹುದು, ಬ್ಯಾಟರಿ ಹೋದರೆ ತರಿಸಬಹುದು; ಬೆಸುಗೆಯಾದ 4 ಜಿಬಿ ಸಾಯುವ ತನಕ 4 ಜಿಬಿಯೇ.

ಇನ್ನೊಂದು ಪರೀಕ್ಷೆ ಉಳಿದಿದೆ. ಸೆಟ್ಟಿಂಗ್ಸಿನ ‘ಅಬೌಟ್’ ಪುಟದಲ್ಲಿ ವಿಂಡೋಸ್ 11 ಹೋಮ್, ‘ಎಸ್ ಮೋಡ್’ ಅಂತಿದೆ. ಹಾಗಿದ್ದರೆ ಮೈಕ್ರೋಸಾಫ್ಟಿನ ಅಂಗಡಿಯಿಂದ ಬಂದ ಆ್ಯಪ್ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ಬಾಗಿಲಲ್ಲೇ ನಿಲ್ಲಬೇಕು, ಟ್ಯಾಲಿಯೂ ಅಷ್ಟೇ. ಎಸ್ ಮೋಡಿನಿಂದ ಪುಕ್ಕಟೆಯಾಗಿಯೇ ಹೊರಬರಬಹುದು, ವಾಪಸ್ ಹೋಗಲಿಕ್ಕೆ ಬರುವುದಿಲ್ಲ. ಹುಡುಗನಿಗೆ ಇದು ಹೊಸ ಸುದ್ದಿ. ಅವನದೇನು ತಪ್ಪು, ನಿನ್ನೆ ತನಕ ಮಿಕ್ಸಿ ಮಾರುತ್ತಿದ್ದನೋ ಏನೋ.

“ಜಿಯೋದ್ದು ಒಂದು ಬಂದಿತ್ತಲ್ಲ ಮಾಮ, ಚಿಕ್ಕದು?” ಅಕ್ಕನ ಮಗಳು ಕೇಳುತ್ತಾಳೆ. 2023ರ ಜುಲೈಯಲ್ಲಿ ಬಂದ ಜಿಯೋಬುಕ್. ಆಗ 16,499 ರೂಪಾಯಿ, 11.6 ಇಂಚು, ತೂಕ 990 ಗ್ರಾಂ. ಓದಲಿಕ್ಕೆ, ಬ್ರೌಸ್ ಮಾಡಲಿಕ್ಕೆ ಆದೀತು. ಆದರೆ ಅದರೊಳಗಿರುವುದು ಆಂಡ್ರಾಯ್ಡ್ ಬುಡದ ಜಿಯೋಒಎಸ್. ಬಿ.ಕಾಂ. ಹುಡುಗಿಗೆ ಟ್ಯಾಲಿ ಓಡದ ಲ್ಯಾಪ್‌ಟಾಪು ಕೊಡಿಸಿ ಏನು ಮಾಡುವುದು?

ಝೀರೋ ಕಾಸ್ಟ್ ಇಎಂಐ, ಬ್ಯಾಗು ಫ್ರೀ, ಮೌಸು ಫ್ರೀ, ಆಂಟಿವೈರಸ್ ಅರ್ಧ ರೇಟಿಗೆ ಅಂತ ಹುಡುಗ ಬಾಗಿಲ ತನಕ ಹೇಳುತ್ತಲೇ ಬರುತ್ತಾನೆ. ಆಂಟಿವೈರಸ್ ವಿಂಡೋಸಿನಲ್ಲೇ ಡಿಫೆಂಡರ್ ಅಂತ ಇದೆ. ಅದಕ್ಕೆ ದುಡ್ಡು ಕೊಡಬೇಡಿ.

ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದ ಮೆಟ್ಟಿಲು ಹತ್ತಿದರೆ ಇನ್ನೊಂದು ಲೋಕ. ಬೋರ್ಡು ಚಿಕ್ಕದು, ಕೋಣೆ ಇನ್ನೂ ಚಿಕ್ಕದು. ಗೋಡೆಯ ತುಂಬ ಕಪ್ಪು ಲ್ಯಾಪ್‌ಟಾಪುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿದ್ದಾರೆ. ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಂದವು. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಲಾಟುಗಟ್ಟಲೆ ಮಾರಿದ ಮಾಲು. ಮಾಲೀಕ ಬೆಸುಗೆ ಕಡ್ಡಿ ಕೆಳಗಿಟ್ಟು, “ಬನ್ನಿ ಅಣ್ಣಾ, ಕೂರಿ” ಅನ್ನುತ್ತಾನೆ. ಕೂರಲಿಕ್ಕೆ ಜಾಗ ಇಲ್ಲ.

ಭಾವನ ಮುಖ ಸಣ್ಣಗಾಗಿದೆ. ಹೊಸ ಶೋರೂಮಿನಿಂದ ಇಳಿದು ಹಳೇ ಸಾಮಾನಿನ ಅಂಗಡಿಗೆ ಬಂದ ಬೇಸರ. “ಹಬ್ಬದ ಹೊತ್ತಲ್ಲಿ ಸೆಕೆಂಡ್ ಹ್ಯಾಂಡ್ ಬೇಕೇನೋ?” ಅಂತ ನಿಮ್ಮ ಕಿವಿಯಲ್ಲಿ ಹೇಳುತ್ತಾರೆ.

ನೀವು ಎಂಟನೇ ಪೀಳಿಗೆಯ ಇಂಟೆಲ್ ಕೇಳುತ್ತೀರಿ. ಅದಕ್ಕಿಂತ ಹಳೆಯದು ಎಷ್ಟು ಅಗ್ಗವಾದರೂ ಬೇಡ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಅಧಿಕೃತವಾಗಿ ವಿಂಡೋಸ್ 11 ಕೂರುವುದು, ಬೆರಳೆಣಿಕೆಯಷ್ಟನ್ನು ಬಿಟ್ಟರೆ, ಎಂಟನೇ ಪೀಳಿಗೆಯಿಂದ ಮೇಲಕ್ಕೆ. ಆರನೇ, ಏಳನೇ ಪೀಳಿಗೆಯವು ಈಗ ಪೇಟೆಗೆ ರಾಶಿ ಬೀಳುತ್ತಿರುವುದೂ ಇದೇ ಕಾರಣಕ್ಕೆ. ಮಾಲೀಕ ಒಮ್ಮೆ ನಿಮ್ಮನ್ನು ಅಳೆದು ನೋಡಿ ಮೇಲಿನ ಸಾಲಿನಿಂದ ಒಂದು ತೆಗೆಯುತ್ತಾನೆ. ಡೆಲ್ ಲ್ಯಾಟಿಟ್ಯೂಡ್ 7290. 2018ರ ಮಾದರಿ, ಹನ್ನೆರಡೂವರೆ ಇಂಚು, ಕೋರ್ ಐ5, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ. ಕೈಗೆ ಒಂದೂಕಾಲು ಕೆಜಿಯಷ್ಟು. ಮುಚ್ಚಳದ ಮೂಲೆಯಲ್ಲಿ ಯಾವುದೋ ಕಂಪನಿಯ ಆಸ್ತಿ ನಂಬರಿನ ಚೀಟಿ ಕಿತ್ತ ಅಂಟು. ಅಕ್ಕನ ಮಗಳು ಅದನ್ನು ಉಗುರಿನಲ್ಲಿ ಕೆರೆಯುತ್ತಾಳೆ.

“ಬಿಚ್ಚಿ ತೋರಿಸ್ತೀರಾ?”

ಇದು ಶೋರೂಮಿನಲ್ಲಿ ಕೇಳಲಾಗದ ಮಾತು. ಇಲ್ಲಿ ಅವನು ಮರುಮಾತಿಲ್ಲದೆ ಯಂತ್ರವನ್ನು ಬೋರಲು ಹಾಕಿ ಸ್ಕ್ರೂ ಸಡಿಲಿಸುತ್ತಾನೆ. ಸ್ಕ್ರೂಗಳು ಕಳಚಿ ಬೀಳುವುದಿಲ್ಲ, ಮುಚ್ಚಳಕ್ಕೇ ಕಚ್ಚಿಕೊಂಡಿರುತ್ತವೆ. ಉಗುರು ತೂರಿಸಿ ಸುತ್ತ ಎಳೆದರೆ ಟಕ್ ಟಕ್ ಅಂತ ತಳ ಬಿಡುತ್ತದೆ. ಒಳಗೆ ಫ್ಯಾನಿನ ರೆಕ್ಕೆಗೆ ಬೂದು ಧೂಳು, ಪಕ್ಕದಲ್ಲಿ ಚಪ್ಪಟೆ ಬ್ಯಾಟರಿ, ಎಸ್‌ಎಸ್‌ಡಿ ಪಟ್ಟಿ. ನಡುವೆ ಕ್ಲಿಪ್ಪಿನಲ್ಲಿ ಓರೆಯಾಗಿ ಕೂತ ಒಂದೇ ರ‍್ಯಾಮ್ ಕಡ್ಡಿ. ಎರಡು ಬೆರಳಲ್ಲಿ ಕ್ಲಿಪ್ ಅಗಲಿಸಿದರೆ ಮೇಲೆದ್ದು ಕೈಗೆ ಬರುತ್ತದೆ. ನಾಳೆ ಬೇಕಾದರೆ ಇದನ್ನು ತೆಗೆದು 16 ಜಿಬಿ ಕೂರಿಸಬಹುದು. ಭಾವ ಕುತ್ತಿಗೆ ಚಾಚಿ ಇಣುಕುತ್ತಾರೆ. ಕಬ್ಬಿಣದ ಕಾರ್ಖಾನೆಯಲ್ಲಿ ಬೆವರು ಸುರಿಸಿದವರು. ಬಿಚ್ಚಿದ ಯಂತ್ರದ ಮೇಲೆ ಅವರಿಗೆ ಮುಚ್ಚಿದ್ದರ ಮೇಲಿಗಿಂತ ನಂಬಿಕೆ ಜಾಸ್ತಿ. “ಓಹೋ, ಪಾರ್ಟ್ ಪಾರ್ಟ್ ಬರ್ತದೆ” ಅನ್ನುತ್ತಾರೆ. ಅಲ್ಲಿಗೆ ಅರ್ಧ ವ್ಯಾಪಾರ ಆಯಿತು.

ಮುಚ್ಚಿ ಆನ್ ಮಾಡಿಸಿ ಕಪ್ಪು ಕಿಟಕಿಯಲ್ಲಿ ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಅಂತ ಕುಟ್ಟುತ್ತೀರಿ. ಬ್ಯಾಟರಿಯ ಜಾತಕ ಬರುತ್ತದೆ. ಹುಟ್ಟಿದಾಗ 60,000 ಮಿಲಿವ್ಯಾಟ್ ಅವರ್, ಈಗ ತುಂಬುವುದು 41,000ದ ಹತ್ತಿರ. ಮೂರರಲ್ಲಿ ಒಂದು ಪಾಲು ಸವೆದಿದೆ. ಈ ಅಂಕಿಯನ್ನು ನೀವು ಗಟ್ಟಿಯಾಗಿ ಓದುತ್ತೀರಿ, ಭಾವನಿಗೆ ಕೇಳುವ ಹಾಗೆ. ಅದು ಅವರ ಚೌಕಾಸಿಗೆ ಮದ್ದುಗುಂಡು.

ಮುಖ್ಯವಾದದ್ದು ಇನ್ನೂ ಬಾಕಿ. ಕಂಪನಿಯಲ್ಲಿದ್ದ ಯಂತ್ರವನ್ನು ಕಂಪನಿ ತನ್ನ ಪಟ್ಟಿಯಿಂದ ತೆಗೆದಿರಬೇಕು. ಇಲ್ಲದಿದ್ದರೆ ಮುಂದೊಂದು ದಿನ ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್ ಕೊಟ್ಟ ಕೂಡಲೇ ಆ ಕಂಪನಿಯ ಹೆಸರು ಮೂಡಿ, ಅವರ ಲಾಗಿನ್ ಕೇಳಿ, ಮುಂದಕ್ಕೆ ಬಿಡದೆ ಕೂರುತ್ತದೆ. “ನಮ್ಮ ಎದುರೇ ರೀಸೆಟ್ ಮಾಡಿ” ಅನ್ನುತ್ತೀರಿ. ಮಾಲೀಕ, “ಟೈಮ್ ಹಿಡಿತದೆ ಅಣ್ಣಾ, ಕಾಫಿ ಕುಡ್ಕೊಂಡು ಬನ್ನಿ.”

ಮೀನಾಕ್ಷಿ ಭವನದಲ್ಲಿ ಕಾಫಿ. ಭಾವ ಲೋಟ ಕೆಳಗಿಡದೆ ಕೇಳುತ್ತಾರೆ: “ನಿನ್ ಮಗಳಿಗಾದ್ರೆ ಯಾವ್ದು ತಗಳ್ತಿದ್ದೆ?” ಸುಲಭದ ಪ್ರಶ್ನೆಯಲ್ಲ. ಹೊಸದಕ್ಕೆ ತಯಾರಕರದೇ ಒಂದು ವರ್ಷದ ವಾರಂಟಿ. ಹಳೆಯದಕ್ಕೆ ಮೆಟ್ಟಿಲ ಮೇಲಿನ ಮನುಷ್ಯನ ಮಾತೊಂದೇ. ಬಿಚ್ಚಿ ನೋಡುವವರು ಹತ್ತಿರ ಯಾರೂ ಇಲ್ಲದ ಮನೆಗಾದರೆ ಹೊಸದನ್ನೇ ಹೇಳಬೇಕು. 8 ಜಿಬಿಯದ್ದು, ಇನ್ನೂ ನಾಲ್ಕು ತಿಂಗಳು ಚೀಟಿ ಕಟ್ಟಿಯಾದರೂ ಸರಿ. ಇಲ್ಲಿ ನೀವಿದ್ದೀರಿ. ಅಂದರೆ ವಾರಂಟಿ ಈಗ ನಿಮ್ಮ ತಲೆಗೇ ಬಂತು. ಗೊತ್ತಿದ್ದೂ “ಹಳೇದೇ” ಅನ್ನುತ್ತೀರಿ.

ವಾಪಸ್ ಬಂದರೆ ಪರದೆಯಲ್ಲಿ ದೇಶ ಯಾವುದು, ಕೀಬೋರ್ಡು ಯಾವುದು ಅಂತ ಕೇಳುತ್ತಿದೆ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡುತ್ತೀರಿ. ಸುರುಳಿ ತಿರುಗುತ್ತದೆ. ಮೂವರೂ ಉಸಿರು ಬಿಡುವುದಿಲ್ಲ. ಯಾವ ಕಂಪನಿಯ ಹೆಸರೂ ಬರುವುದಿಲ್ಲ. ಯಂತ್ರಕ್ಕೆ ಹೆಸರಿಡಿ ಅಂತ ಕೇಳುತ್ತದೆ.

ಹದಿನೆಂಟೂವರೆ ಸಾವಿರದಿಂದ ಶುರುವಾದದ್ದು ಭಾವ ಎರಡು ಸಲ ಮೆಟ್ಟಿಲಿಳಿಯುವ ನಾಟಕ ಮಾಡಿದ ಮೇಲೆ ಹದಿನೇಳಕ್ಕೆ ನಿಂತಿತು. “ಬಿಲ್ ಬೇಡಾಂದ್ರೆ ಇನ್ನೂ ಐನೂರು…” ಅಂತ ಮಾಲೀಕ ಮಾತು ಅರ್ಧಕ್ಕೆ ಬಿಟ್ಟ. ಬಿಲ್ ಬೇಕು. ಅದರ ಮೇಲೆ ಸೀರಿಯಲ್ ನಂಬರು, ‘ಬೋರ್ಡಿಗೆ ಆರು ತಿಂಗಳು’ ಅಂತ ಕೈಬರಹ, ಸೀಲು. ಕದ್ದ ಮಾಲು ಅಂತ ನಾಳೆ ಯಾರಾದರೂ ಬಂದರೆ ತೋರಿಸಲಿಕ್ಕೆ ಇರುವುದು ಅದೊಂದೇ ಕಾಗದ.

ವಾಪಸ್ ಬಸ್ಸಿನಲ್ಲಿ ಅವಳು ಬ್ಯಾಗನ್ನು ತೊಡೆಯ ಮೇಲಿಟ್ಟು ಎರಡೂ ಕೈ ಸುತ್ತಿದ್ದಾಳೆ. ತುಂಗೆಯ ಸೇತುವೆ, ಅವಳದೇ ಕಾಲೇಜು, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಯ ಐಟಿ ಪಾರ್ಕು. ಭದ್ರಾವತಿ ಹತ್ತಿರವಾದಂತೆ ಭಾವ ಮಾತು ನಿಲ್ಲಿಸುತ್ತಾರೆ. ಅವರು ಅಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನ ಗುತ್ತಿಗೆ ಕಾರ್ಮಿಕರು. 1918ರಲ್ಲಿ ಮೈಸೂರು ಸಂಸ್ಥಾನ ಕಟ್ಟಲು ಕೈಹಾಕಿದ ಕಾರ್ಖಾನೆಯನ್ನು ಮುಚ್ಚುವುದಾಗಿ 2023ರ ಜನವರಿಯಲ್ಲಿ ಅದರ ಮಾತೃಸಂಸ್ಥೆ ಸೈಲ್ ಹೇಳಿದಾಗ ಧರಣಿ ಕೂತವರಲ್ಲಿ ಅವರೂ ಒಬ್ಬರು. ಆಚೆ ಪೇಪರ್‌ಟೌನಿನಲ್ಲಿ 1936ರ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ಹತ್ತು ವರ್ಷವಾಗುತ್ತ ಬಂತು. ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಮಾಡುತ್ತಿದ್ದ ಊರಿನಲ್ಲಿ ಈಗ ಮಕ್ಕಳ ನೋಟ್ಸು ಪಿಡಿಎಫ್ ಆಗಿ ಫೋನಿಗೆ ಬರುತ್ತದೆ.

ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಅಕ್ಕ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಲು ಬರುತ್ತಾಳೆ. “ಟಚ್‌ಪ್ಯಾಡಿಗೆ ಬೇಡ ಅಕ್ಕಾ, ಮುಚ್ಚಳಕ್ಕೆ ಹಚ್ಚು.” ನುಡಿ ಹಾಕಿಕೊಡುತ್ತೀರಿ. ಕಾಲೇಜಿನಿಂದ ಬಂದ ಒಂದು ಫೈಲು ಫೋನಿನಲ್ಲಿ ಇಂಗ್ಲಿಷ್ ಅಕ್ಷರದ ಕಸದ ಹಾಗೆ ಕಾಣುತ್ತಿತ್ತಂತೆ; ಹಳೇ ಆಸ್ಕಿ ಫಾಂಟಿನದ್ದು. ಇಲ್ಲಿ ತೆರೆದರೆ ಕನ್ನಡ. ಟ್ಯಾಲಿಯನ್ನು ಶೈಕ್ಷಣಿಕ ಮಾದರಿಯಲ್ಲಿ ದುಡ್ಡಿಲ್ಲದೆ ಓಡಿಸಬಹುದು, ಒಂದೇ ತಕರಾರು: ವೋಚರಿಗೆ ತಿಂಗಳ 1, 2 ಮತ್ತು 31ನೇ ತಾರೀಖು ಮಾತ್ರ ಹಾಕಲು ಬಿಡುತ್ತದೆ. ಅವಳ ಕಲ್ಪನೆಯ ಕಿರಾಣಿ ಅಂಗಡಿ ತಿಂಗಳಿಗೆ ಹೆಚ್ಚೆಂದರೆ ಮೂರೇ ದಿನ ಬಾಗಿಲು ತೆರೆಯುತ್ತದೆ.

ಮೊದಲ ವಾರ ಭಾವ ಲ್ಯಾಪ್‌ಟಾಪನ್ನು ಮುಟ್ಟಲಿಲ್ಲ. ಆಮೇಲೊಂದು ರಾತ್ರಿ ಮಗಳ ಪಕ್ಕ ಕೂತು, “ಪಿಎಫ್ ನೋಡಬಹುದೇನೇ ಇದ್ರಲ್ಲಿ?” ಅಂದರು. ಒಟಿಪಿ ಬಂತು, ಪಾಸ್‌ಬುಕ್ ತೆರೆಯಿತು. ಫೋನಿನಲ್ಲಿ ಇರುವೆ ಸಾಲಿನಂತಿದ್ದ ಅಂಕಿಗಳು ಇಲ್ಲಿ ದೊಡ್ಡದಾಗಿ ನಿಂತವು. ಅವರು ಬೆರಳಿಟ್ಟು ತಿಂಗಳು ತಿಂಗಳಾಗಿ ಇಳಿದರು. ಒಂದು ಕಡೆ ಬೆರಳು ನಿಂತಿತು. ಆ ತಿಂಗಳು ಕಟ್ಟಿಲ್ಲ. ಬೆಳಿಗ್ಗೆ ಆ ಪುಟದ ಫೋಟೋ ಹೊಡೆದುಕೊಂಡೇ ಕೆಲಸಕ್ಕೆ ಹೋದರು.

ಮಳೆಗಾಲ ಬಂದರೆ ಬ್ಯಾಗಿನೊಳಗೆ ಮುಚ್ಚಿಡಬೇಡ, ಥಂಡಿ ಕೂತು ಬೂಷ್ಟು ಹಿಡಿಯುತ್ತೆ, ದಿನಾ ಒಂದಿಷ್ಟು ಹೊತ್ತು ಓಡಿಸು ಅಂತ ಅಕ್ಕನ ಮಗಳಿಗೆ ಹೇಳಿದ್ದೀರಿ. ಕರೆಂಟು ಹೋದರೆ ಸವೆದ ಬ್ಯಾಟರಿಯಲ್ಲೂ ಮೂರು ಗಂಟೆ ಬರುತ್ತಿದೆ, ಪರದೆಯ ಬೆಳಕು ತಗ್ಗಿಸಿದರೆ ಇನ್ನಷ್ಟು. ಉಳಿದ ಎಂಟು ಸಾವಿರದಲ್ಲಿ ಹೊಸ ಬ್ಯಾಟರಿಗೆ ಎತ್ತಿಟ್ಟದ್ದು ಹಬ್ಬದ ಬಟ್ಟೆಗೆ ಹೋಯಿತು. ಅದು ನಿಮಗೆ ಗೊತ್ತೇ ಇತ್ತು.

ಈ ಭಾನುವಾರ ಹೋದಾಗ ಜಗಲಿಯಲ್ಲಿ ಚಪ್ಪಲಿಯ ಗುಂಪು. ಒಳಗೆ ಮೂವರು ಹೆಂಗಸರು, ಕೈಯಲ್ಲಿ ಆಧಾರ್, ಮಕ್ಕಳ ಅಂಕಪಟ್ಟಿ. ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್ ತೆರೆದುಕೊಂಡು ಅಕ್ಕನ ಮಗಳು ಕೇಳುತ್ತಿದ್ದಾಳೆ: “ಆಂಟಿ, ಜಾತಿ-ಆದಾಯದ ಆರ್‌ಡಿ ನಂಬರ್ ಹೇಳಿ. ಸರ್ಟಿಫಿಕೇಟಲ್ಲಿ ಇರ್ತದಲ್ಲ, ಅದು.” ಸೈಬರ್ ಸೆಂಟರಿನಲ್ಲಿ ಕ್ಯೂ ನಿಂತು ಕೊಡುತ್ತಿದ್ದ ದುಡ್ಡಿನ ಅರ್ಧ ಇವಳಿಗೆ ಕೊಡುತ್ತಾರಂತೆ. ಅರ್ಜಿ ಮುಗಿದ ಮೇಲೆ ಅದೇ ಹೆಂಗಸರು ಪ್ರಿಂಟ್ ತೆಗೆಸಲು ಮತ್ತೆ ಸೈಬರಿಗೇ ಹೋಗಬೇಕು. ಅವರು ಎದ್ದು ಹೊರಡುವ ತನಕ ಕಾದು ಅವಳು ನಿಮ್ಮ ಕಡೆ ತಿರುಗುತ್ತಾಳೆ.

“ಮಾಮ, ಆ ದುರ್ಗಿಗುಡಿ ಅಂಗಡಿಯಲ್ಲಿ ಪ್ರಿಂಟರೂ ಇಟ್ಟಿದಾರಾ?”