ಹೆಸರಿಡುವ ದಿನ ಬಾರದ ಕೂಸು

ಕಲ್ಯಾಣ

ಆನಂದಿಬಾಯಿ ಜೋಶಿ ಬೆಳೆದ, ಮುಂಬಯಿ ಬಳಿಯ ಊರು. ಯಮುನಾ ಎಂಬ ಹುಡುಗಿ ಒಂಬತ್ತರ ವಯಸ್ಸಿಗೆ ಅಂಚೆ ಗುಮಾಸ್ತ ಗೋಪಾಳರಾಯರ ಕೈಹಿಡಿದು ಆನಂದಿಯಾದದ್ದು ಇಲ್ಲೇ. ಹದಿನಾಲ್ಕಕ್ಕೆ ಹೆತ್ತಳು. ಗಂಡುಕೂಸು ಹತ್ತೇ ದಿನ ಬದುಕಿತು. ತಕ್ಕ ಚಿಕಿತ್ಸೆ ಸಿಗಲಿಲ್ಲ. ಆ ಸಂಕಟ ಅವಳನ್ನು ಫಿಲಡೆಲ್ಫಿಯಾದವರೆಗೆ ನಡೆಸಿತು. 1886ರಲ್ಲಿ ಡಾಕ್ಟರಾದಳು, ಅಲ್ಲಿ ಬರೆದ ಪ್ರಬಂಧ ಹಿಂದೂಗಳ ಪ್ರಸೂತಿಶಾಸ್ತ್ರದ ಬಗ್ಗೆ. ಮರುವರ್ಷ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡಳು.

ಅವಳ ಬದುಕಿನ ಮೇಲೆ ಶ್ರೀ. ಜ. ಜೋಶಿಯವರು ಬರೆದ ಕಾದಂಬರಿಯ ಹೆಸರು ‘ಆನಂದಿ ಗೋಪಾಳ’. 2019ರ ಸಿನಿಮಾಕ್ಕೂ ಅದೇ ಹೆಸರು. ಹೆಂಡತಿಯ ಹೆಸರಿಗೆ ಗಂಡನದು ಸೇರಿಕೊಳ್ಳುವುದು ಮರಾಠಿ ರೂಢಿ, ಸರಿ. ನನಗೆ ಬಗೆಹರಿಯದ್ದು ಬೇರೆ. ಓದು ಓದು ಎಂದು ಹಟ ಹಿಡಿದ ಗಂಡನೂ, ಹದಿನಾಲ್ಕರ ಹುಡುಗಿಯನ್ನು ತಾಯಿಯಾಗಿಸಿದ ಗಂಡನೂ ಒಬ್ಬನೇ. ಮೊದಲನೆಯವನಿಗೆ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಎರಡನೆಯವನನ್ನು ಯಾವ ಕಲೆ ಹೇಗೆ ತೋರಿಸಬೇಕು?

ಇನ್ನೊಂದು. ಇಲ್ಲಿ ಬಾರಸೆ, ಅಂದರೆ ಹೆಸರಿಡುವ ಶಾಸ್ತ್ರ, ಹನ್ನೆರಡನೇ ದಿನಕ್ಕೆ. ಹತ್ತು ದಿನ ಬದುಕಿದ ಕೂಸಿಗೆ ಆ ದಿನ ಬರಲೇ ಇಲ್ಲ. ಇದನ್ನು ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಡೊಂಬಿವಲಿ

ಇಲ್ಲಿನ ನಾಟ್ಯಗೃಹಕ್ಕೆ ಸಾವಿತ್ರಿಬಾಯಿ ಫುಲೆ ಹೆಸರು. ನಾಟಕ ನೋಡಲು ಎಷ್ಟು ಸಲ ಹೋಗಿದ್ದೇನೋ, ಆ ಹೆಸರು ಅಲ್ಲಿ ಎಷ್ಟು ಒಪ್ಪುತ್ತದೆ ಎಂದು ಹೊಳೆದದ್ದು ಇತ್ತೀಚೆಗೆ. 1854ರಲ್ಲಿ ಕವನ ಸಂಕಲನ ತಂದವರು. 1863ರಲ್ಲಿ ಗಂಡ ಜೋತಿಬಾರೊಡನೆ ಪುಣೆಯ ತಮ್ಮ ಮನೆಯಲ್ಲೇ ಬಸುರಿ ವಿಧವೆಯರಿಗೆ ಆಸರೆ ತೆರೆದವರು. ಗುಟ್ಟಾಗಿ ಬಂದು ಹೆರಬಹುದು, ಕೂಸನ್ನು ಬಿಟ್ಟೂ ಹೋಗಬಹುದು. ಹಾಗೆ ಅಲ್ಲಿ ಹುಟ್ಟಿದ ಯಶವಂತನನ್ನು ದತ್ತು ಪಡೆದರು, ಅವನು ಡಾಕ್ಟರಾದ. 1897ರ ಪ್ಲೇಗಿನಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ಹೋದರು. ಬರೆದ ಕೈ ಒಂದು, ಬಾಣಂತನ ಮಾಡಿದ ಕೈ ಇನ್ನೊಂದು ಎಂದು ಅವರಲ್ಲಿ ಬೇರೆ ಮಾಡಲು ನನಗೆ ಬರುವುದಿಲ್ಲ.

ಅದೇ ಊರು. ಪರಿಚಯದವರ ಮನೆಯಲ್ಲಿ ಡೋಹಾಳೆ ಜೇವಣ, ನಮ್ಮ ಕಡೆಯ ಬಯಕೆ ಊಟ. ಹಸಿರು ಸೀರೆ, ಹೂವಿನ ಒಡವೆ, ಅಲಂಕರಿಸಿದ ಉಯ್ಯಾಲೆ. ಮುಚ್ಚಿಟ್ಟ ಎರಡು ಬಟ್ಟಲಲ್ಲಿ ಒಂದನ್ನು ಬಸುರಿ ತೆರೆಯಬೇಕು. ಪೇಢಾ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು. ಬರ್ಫಿ ಬಂತು. ಎಲ್ಲರೂ ನಕ್ಕರು, ಆದರೆ ಒಂದು ಕ್ಷಣ ತಡವಾಗಿ. ಅದೇ ರಸ್ತೆಯ ಸೋನೋಗ್ರಫಿ ಸೆಂಟರಿನ ಬಾಗಿಲಲ್ಲಿ, ಗರ್ಭದ ಲಿಂಗ ತಿಳಿಸುವುದು ಅಪರಾಧ ಎಂಬ ಬೋರ್ಡಿದೆ. ಆ ಬೋರ್ಡಿನ ಹಿಂದೆ ಮುಂಬಯಿಯ ಹೆಂಗಸರು ಬೀದಿಗಿಳಿದ ವರ್ಷಗಳಿವೆ: 1988ರಲ್ಲಿ ದೇಶದಲ್ಲೇ ಮೊದಲು ಮಹಾರಾಷ್ಟ್ರದ ಕಾಯಿದೆ, 1994ರಲ್ಲಿ ಕೇಂದ್ರದ್ದು. ಅದಕ್ಕೂ ಮೊದಲೇ, 1983ರಲ್ಲಿ, ಸ್ತ್ರೀ ಮುಕ್ತಿ ಸಂಘಟನೆಯ ಜ್ಯೋತಿ ಮ್ಹಾಪ್ಸೇಕರ್ ‘ಮುಲಗೀ ಝಾಲೀ ಹೋ’ ಬರೆದಿದ್ದರು. ಹೆಣ್ಣು ಹುಟ್ಟಿತು ಎಂಬುದನ್ನೇ ಹೆಸರಾಗಿಟ್ಟು ಊರೂರಲ್ಲಿ ಆಡಿದ ನಾಟಕ. ಕಾಯಿದೆ ಸೋನೋಗ್ರಫಿ ಮಷಿನನ್ನು ತಡೆದೀತು. ಆ ಒಂದು ಕ್ಷಣದ ತಡವನ್ನು ಮುಟ್ಟಬಲ್ಲದ್ದು ನಾಟಕವೇ ಎಂದು ನಂಬಿದ್ದೇನೆ.

ಠಾಣೆ ಜಿಲ್ಲೆ, ಭಾಯಂದರ್

2008. ಭ್ರೂಣದ ಹೃದಯದಲ್ಲಿ ದೋಷವಿದೆ ಎಂದು ಇಲ್ಲಿನ ದಂಪತಿಗೆ ಗೊತ್ತಾದಾಗ, ಗರ್ಭಪಾತಕ್ಕೆ ಆಗ ಕಾನೂನು ಕೊಟ್ಟಿದ್ದ ಇಪ್ಪತ್ತು ವಾರ ದಾಟಿತ್ತು. ಬಾಂಬೆ ಹೈಕೋರ್ಟಿಗೆ ಹೋದರು. ಒಪ್ಪಿಗೆ ಸಿಗಲಿಲ್ಲ. ಇಂಥ ಭ್ರೂಣದೋಷ ಗಂಭೀರವಾಗಿದ್ದರೆ ವೈದ್ಯಕೀಯ ಮಂಡಳಿ ಒಪ್ಪಿದಾಗ ವಾರಗಳ ಮಿತಿಯಿಲ್ಲ ಎಂದಾಗಲು 2021 ಬರಬೇಕಾಯಿತು.

ನವಿ ಮುಂಬಯಿ

ಪಕ್ಕದ ಮನೆಯ ಹುಡುಗಿಯ ಜೊತೆ ಒಂದು ನರ್ಸಿಂಗ್ ಹೋಮಿಗೆ ಹೋಗಿದ್ದೆ. ಎರಡು ಮಕ್ಕಳಿದ್ದಾರೆ, ಮೂರನೆಯದು ಬೇಡ ಎಂದು ತೀರ್ಮಾನಿಸಿದ್ದಳು. ಹದಿನೆಂಟು ದಾಟಿದ ಹೆಂಗಸಿಗೆ ತನ್ನ ಒಪ್ಪಿಗೆಯೊಂದೇ ಸಾಕು ಎನ್ನುತ್ತದೆ 1971ರ ಗರ್ಭಪಾತ ಕಾಯಿದೆ. ಕೌಂಟರಿನಲ್ಲಿ ಗಂಡನ ಸಹಿ ಕೇಳಿದರು. ನಾನು ಕಾಯಿದೆಯ ಮಾತೆತ್ತಿದೆ. ಇಲ್ಲಿ ಹೀಗೇ ಮೇಡಂ, ಅಂದರು.

“ಅವರು ಡ್ಯೂಟಿ ಮುಗಿಸಿ ಬರೋದು ರಾತ್ರಿ ಹತ್ತಕ್ಕೆ, ಕಾಕೂ. ನೀವು ಹೋಗಿ,” ಅಂದಳು. ನಾನು ಹೋಗಲಿಲ್ಲ. ಎದುರು ಗೋಡೆಯ ಮೇಲೆ ನಗುವ ಗುಂಡು ಮಗುವಿನ ದೊಡ್ಡ ಚಿತ್ರ, ಅದರಲ್ಲಿ ತಾಯಿಯಿಲ್ಲ. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ.

ಹತ್ತೂ ಇಪ್ಪತ್ತಕ್ಕೆ ಅವನು ಬಂದ. ಬೆವರು ಒರೆಸಿಕೊಳ್ಳುತ್ತಲೇ ತೋರಿಸಿದ ಎರಡು ಕಡೆ ಸಹಿ ಹಾಕಿದ. ಕಾಗದದಲ್ಲಿ ಏನಿದೆಯೆಂದು ಅವನೂ ಓದಲಿಲ್ಲ.