ಎಂಟು ವರ್ಷದವಳಿಗೊಂದು ಲೆಕ್ಕದ ಪುಸ್ತಕ

ನಮ್ಮ ಅಕ್ಕನ ಮಗಳು ಡಲ್ಲಾಸ್‌ನಲ್ಲಿದ್ದಾಳೆ. ಎಂಟು ವರ್ಷದ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದಾಳೆ. ಕನ್ನಡ, ಇಂಗ್ಲಿಷು, ಹಕ್ಕಿ, ಹುಳ, ಗಿಡ ಎಲ್ಲ ಸರಾಗವಾಗಿ ಸಾಗಿದೆ. ಲೆಕ್ಕದ ಪುಸ್ತಕ ತೆರೆದರೆ ಮಾತ್ರ ಮಗುವಿಗೆ ಹೊಟ್ಟೆನೋವು, ನೀರಡಿಕೆ, ಪೆನ್ಸಿಲ್ ಕಾಣೆ. ‘ಮಾಮ, ಇವಳು ಖುಷಿಯಿಂದ ಮಾಡುವಂಥ ಲೆಕ್ಕದ ಪುಸ್ತಕ ಯಾವುದಿದೆ ಹೇಳಿ’ ಅಂತ ಕೇಳಿದಳು. ಇಂಥ ಪ್ರಶ್ನೆ ಕೇಳಿದರೆ ನನಗೆ ಒಂದೇ ಮಾತಲ್ಲಿ ಉತ್ತರ ಹೇಳಲು ಬರುವುದಿಲ್ಲ. ಲೆಕ್ಕವೆಂದರೆ ನನಗೆ ಅಷ್ಟು ಪ್ರೀತಿ.

ಟೆಕ್ಸಾಸ್‌ನಲ್ಲಿ ಮನೆಶಾಲೆಗೆ ಸರ್ಕಾರದ ಕಾಟ ಬಹಳ ಕಡಿಮೆ. 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಲೀಪರ್ ಮೊಕದ್ದಮೆಯಲ್ಲಿ ಮನೆಶಾಲೆಯನ್ನು ಖಾಸಗಿ ಶಾಲೆಯ ಲೆಕ್ಕಕ್ಕೆ ಹಿಡಿಯಿತು. ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ಪೌರತ್ವ ಇಷ್ಟನ್ನು ಪ್ರಾಮಾಣಿಕವಾಗಿ ಕಲಿಸಿದರೆ ಸಾಕು. ಯಾವ ಪುಸ್ತಕದಿಂದ ಅಂತ ಯಾರೂ ಕೇಳುವುದಿಲ್ಲ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೂ ಮನೆಶಾಲೆಯ ಜಾಗ ಸ್ಪಷ್ಟವಾಗಿಲ್ಲ. ಆದರೂ ಬೆಂಗಳೂರಿನಲ್ಲಿ ಹಾಗೆ ಮಕ್ಕಳನ್ನು ಓದಿಸಿ ಎನ್‌ಐಒಎಸ್ ಎಂಬ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿ ಪರೀಕ್ಷೆಗೆ ಕೂರಿಸುವ ಮನೆಗಳಿವೆ. ಅಲ್ಲಿರಲಿ ಇಲ್ಲಿರಲಿ, ಈ ತಾಯಂದಿರ ಕಷ್ಟ ಒಂದೇ. ಶಾಲೆಯಾದರೆ ಪುಸ್ತಕ ತಾನಾಗಿ ಬರುತ್ತದೆ, ಬೈಯುವುದಕ್ಕೂ ಯಾರೋ ಸಿಗುತ್ತಾರೆ. ಮನೆಶಾಲೆಯಲ್ಲಿ ಆರಿಸುವವಳೂ ಅವಳೇ, ಆಮೇಲೆ ರಾತ್ರಿಯೆಲ್ಲ ಯೋಚಿಸುವವಳೂ ಅವಳೇ.

ನಾನು ಅವಳಿಗೆ ಮೊದಲು ಹೇಳಿದ್ದು ಇಷ್ಟು. ಪುಟದಲ್ಲಿ ಬಣ್ಣವಿದ್ದರೆ, ಕರಡಿಮರಿ ಚಿತ್ರವಿದ್ದರೆ ಮಗು ಹತ್ತು ನಿಮಿಷ ನಗುತ್ತದೆ, ಹನ್ನೊಂದನೆಯ ನಿಮಿಷಕ್ಕೆ ಅದಕ್ಕೆ ಗೊತ್ತಾಗುತ್ತದೆ: ಕರಡಿಮರಿಯ ಹಿಂದೆ ಅದೇ ಇಪ್ಪತ್ತು ಕೂಡುವ ಲೆಕ್ಕ ಕೂತಿದೆ ಅಂತ. ಲೆಕ್ಕದ ಖುಷಿ ‘ಓ, ಹಾಗಾ!’ ಅನ್ನುವ ಗಳಿಗೆಯಲ್ಲಿದೆ. ಆ ಗಳಿಗೆಯನ್ನು ಮಗುವಿಗೆ ಬಿಟ್ಟುಕೊಡುವ ಪುಸ್ತಕ ಬೇಕು. ಎಲ್ಲವನ್ನೂ ತಾನೇ ಹೇಳಿ ಮುಗಿಸಿ, ‘ಇದೇ ಥರ ಇನ್ನು ಮೂವತ್ತು ಮಾಡು’ ಅನ್ನುವ ಪುಸ್ತಕ ಎಷ್ಟು ಚೆಂದ ಅಚ್ಚಾಗಿದ್ದರೂ ನನಗೆ ಬೇಡ.

ಆ ದೃಷ್ಟಿಯಿಂದ ನನಗೆ ಬಹಳ ಹಿಡಿಸಿದ್ದು ಸಿಂಗಪುರದ ಪದ್ಧತಿ. ಅಲ್ಲಿನ ಸರ್ಕಾರ 1982ರಲ್ಲಿ ‘ಪ್ರೈಮರಿ ಮ್ಯಾಥಮ್ಯಾಟಿಕ್ಸ್’ ಪುಸ್ತಕಗಳನ್ನು ಹೊರತಂದಿತು. 1995ರ ಟಿಮ್ಸ್ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಆ ಪುಟ್ಟ ದೇಶದ ಮಕ್ಕಳು ಗಣಿತದಲ್ಲಿ ಎಲ್ಲರಿಗಿಂತ ಮುಂದೆ ಬಂದರು. ಅಮೆರಿಕದ ಮನೆಶಾಲೆಗಳು ಆ ಪುಸ್ತಕಗಳನ್ನು ತರಿಸಿಕೊಳ್ಳತೊಡಗಿದವು. ಮೊದಲು ಕೈಯಲ್ಲಿ ಹಿಡಿಯುವ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ, ಇದು ಅವರ ಕ್ರಮ. ಅದರಲ್ಲಿ ಪಟ್ಟಿ ಎಳೆದು ಲೆಕ್ಕ ಬಿಡಿಸುವ ಉಪಾಯವೊಂದಿದೆ. ಅಣ್ಣ ತಂಗಿ ಇಬ್ಬರ ಹತ್ತಿರ ಒಟ್ಟು 40 ಗೋಲಿ. ಅಣ್ಣನ ಹತ್ತಿರ 12 ಹೆಚ್ಚು. ಯಾರ ಹತ್ತಿರ ಎಷ್ಟು? ನಮಗಾದರೆ ಹೈಸ್ಕೂಲಿಗೆ ಬಂದು ಎಕ್ಸ್, ವೈ ಕಲಿಯುವ ತನಕ ಇದಕ್ಕೆ ದಾರಿಯಿರಲಿಲ್ಲ. ಸಿಂಗಪುರದ ಮಗು ತಂಗಿಗೊಂದು ಪಟ್ಟಿ ಎಳೆಯುತ್ತದೆ, ಅದರ ಕೆಳಗೆ ಅಣ್ಣನಿಗೆ ಅಷ್ಟೇ ಉದ್ದದ ಪಟ್ಟಿ, ಅದರ ತುದಿಗೆ 12ರ ಬಾಲ. ಬಾಲ ಕತ್ತರಿಸಿದರೆ ಉಳಿದದ್ದು 28, ಸಮನಾದ ಎರಡು ಪಟ್ಟಿ, ಒಂದೊಂದೂ 14. ತಂಗಿಗೆ 14, ಅಣ್ಣನಿಗೆ 26. ಬೀಜಗಣಿತ ಕಲಿಯದ ಮಗು ಬೀಜಗಣಿತದ ಕೆಲಸವನ್ನು ಕಣ್ಣಿನಿಂದಲೇ ಮಾಡಿ ಮುಗಿಸಿತು! ನಾನು ಇದನ್ನು ಮೊದಲು ನೋಡಿದಾಗ ನೆಂಟರಿಷ್ಟರಿಗೆಲ್ಲ ಕಾಗದದ ಮೇಲೆ ಎಳೆದು ತೋರಿಸಿದೆ.

ಇನ್ನೊಂದು ‘ಬೀಸ್ಟ್ ಅಕಾಡೆಮಿ’. ಪುಟಾಣಿ ರಾಕ್ಷಸರು ಒಂದು ಶಾಲೆಯಲ್ಲಿ ಗಣಿತ ಕಲಿಯುವ ಕಾಮಿಕ್ಸು. ಗ್ರಾಗ್ ತಪ್ಪು ಮಾಡುತ್ತಾನೆ, ವಿನ್ನಿ ವಾದ ಹೂಡುತ್ತಾಳೆ. ಓದಲು ಬಲು ಚೆನ್ನ, ಆದರೆ ಜೊತೆಗಿರುವ ಅಭ್ಯಾಸದ ಪುಸ್ತಕ ಸುಲಭದ್ದಲ್ಲ. ಸೋತರೆ ಮುಖ ಸಣ್ಣ ಮಾಡುವ ಮಗುವಿಗೆ ಪಕ್ಕದಲ್ಲಿ ಅಪ್ಪನೋ ಅಮ್ಮನೋ ಕೂತಿರಲೇಬೇಕು. ಸ್ಟ್ಯಾನ್ಲಿ ಶ್ಮಿಟ್ ಎಂಬ ಮೇಷ್ಟರು ಬರೆದ ‘ಲೈಫ್ ಆಫ್ ಫ್ರೆಡ್’ ಇನ್ನೂ ವಿಚಿತ್ರ: ಐದು ವರ್ಷದ ಫ್ರೆಡ್ ಗಾಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರು! ಕತೆಯ ನಡುವೆ ಲೆಕ್ಕ ಬಂದು ಹೋಗುತ್ತದೆ. ಕತೆಪುಸ್ತಕ ಬಿಡದ ಮಕ್ಕಳಿಗೆ ಒಗ್ಗುತ್ತದೆ, ಅದೊಂದನ್ನೇ ನೆಚ್ಚಿಕೊಂಡರೆ ಅಭ್ಯಾಸ ಸಾಲದು. ಜಾನ್ ಸ್ಯಾಕ್ಸನ್ ಎಂಬ ವಾಯುಪಡೆಯ ನಿವೃತ್ತ ಅಧಿಕಾರಿಯ ಪುಸ್ತಕಗಳದ್ದು ತದ್ವಿರುದ್ಧ ದಾರಿ. ಪಾಠಕ್ಕೊಂದು ಚಿಕ್ಕ ಹೊಸ ವಿಷಯ, ಹಳೆಯದರ ಪುನರಾವರ್ತನೆ ರಾಶಿ. ಕ್ರಮ ಬಯಸುವ ಮಕ್ಕಳಿದ್ದಾರೆ, ಅವರಿಗೆ ಅದರಿಂದ ಧೈರ್ಯ ಬರುತ್ತದೆ. ಪೆನ್ಸಿಲ್ ಕಾಣೆ ಮಾಡುವ ನಮ್ಮ ಹುಡುಗಿಗೆ ಬೇಡ ಅಂದೆ.

ನಮ್ಮ ಎನ್‌ಸಿಇಆರ್‌ಟಿಯ ‘ಮ್ಯಾಥ್-ಮ್ಯಾಜಿಕ್’ ಪುಸ್ತಕಗಳನ್ನೂ ಅವಳಿಗೆ ಹೇಳಿದೆ. 2005ರ ಪಠ್ಯಕ್ರಮ ಚೌಕಟ್ಟಿನ ನಂತರ ಬಂದವು ಅವು. ನಾಲ್ಕನೆಯ ತರಗತಿ ಪುಸ್ತಕ ಇಟ್ಟಿಗೆ ಜೋಡಿಸುವುದರಿಂದ ಶುರುವಾಗುತ್ತದೆ: ಮುರ್ಷಿದಾಬಾದಿನ ಒಂದು ಶಾಲೆಗೆ ಗಾರೆಯವರು ಕಟ್ಟಿದ ನೆಲ, ಜಾಲಿ, ಕಮಾನು. ಇಟ್ಟಿಗೆಗೆ ಎಷ್ಟು ಮುಖ, ಎಷ್ಟು ಅಂಚು ಅಂತ ಮಗು ಇಟ್ಟಿಗೆ ತಿರುಗಿಸಿ ನೋಡಬೇಕು. ಈಗ ಅವುಗಳ ಜಾಗಕ್ಕೆ ‘ಜಾಯ್‌ಫುಲ್ ಮ್ಯಾಥಮ್ಯಾಟಿಕ್ಸ್’, ‘ಮ್ಯಾಥ್ಸ್ ಮೇಳ’ ಬಂದಿವೆ. ಹಳೆಯದನ್ನು ಎಸೆಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಪುಸ್ತಕಕ್ಕಿಂತ ಮೊದಲು ಆಕೆ ಒಂದು ಪೆಟ್ಟಿಗೆ ಬಣ್ಣದ ಕಡ್ಡಿ ತಂದಳು. ಬೆಲ್ಜಿಯಂನ ಜಾರ್ಜ್ ಕ್ವಿಸೆನೇರ್ ಎಂಬ ಮೇಷ್ಟರು ರೂಪಿಸಿದ್ದು ಅವು. ಒಂದು ಸೆಂಟಿಮೀಟರಿನ ಬಿಳಿಯದರಿಂದ ಹತ್ತು ಸೆಂಟಿಮೀಟರಿನ ಕಿತ್ತಳೆ ಬಣ್ಣದ್ದರ ತನಕ ಹತ್ತು ಅಳತೆ. ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದೆ. ಹುಡುಗಿ ಕಿತ್ತಳೆ ಕಡ್ಡಿಯ ಕೆಳಗೆ ಎರಡು ಹಳದಿ ಇಟ್ಟಳು, ಸರಿಹೋಯಿತು. ಐದು ಕೆಂಪು ಇಟ್ಟಳು, ಸರಿಹೋಯಿತು. ಆಮೇಲೆ ಕಪ್ಪು ಕಡ್ಡಿ ಎತ್ತಿಕೊಂಡಳು, ಏಳರದ್ದು. ಕೆಂಪು ಇಟ್ಟರೆ ಒಂದು ಉಳಿಯಿತು. ತಿಳಿಹಸಿರು ಇಟ್ಟರೂ ಒಂದು ಉಳಿಯಿತು. ‘ಇದಕ್ಕೆ ಬಿಳಿದು ಬಿಟ್ಟು ಯಾವ್ದೂ ಕೂರಲ್ಲ, ತುಂಬಾ ಹಟದ ನಂಬರ್ರು’ ಅಂದಳು. ಅವಿಭಾಜ್ಯ ಸಂಖ್ಯೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಲೆಕ್ಕದಲ್ಲಿ ಇಂಥ ಬೆರಗನ್ನು ಇಡುವುದು ನಮ್ಮ ನಾಡಿಗೆ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಕಾಲಕ್ಕೆ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಗುಣಾಕಾರ ಹೇಳಿಕೊಡುವಾಗ ಆತ ಹಾರದಂತೆ ಕಾಣುವ ಉತ್ತರ ಬರುವ ಸಂಖ್ಯೆಗಳನ್ನು ಹುಡುಕಿ ಇಡುತ್ತಾನೆ. 142857143ನ್ನು 7ರಿಂದ ಗುಣಿಸಿ: 1000000001. 152207ನ್ನು 73ರಿಂದ ಗುಣಿಸಿ: 11111111. ಹನ್ನೊಂದು ಶತಮಾನದ ಹಿಂದೆ ಒಬ್ಬ ಮೇಷ್ಟರಿಗೆ ಶಿಷ್ಯರ ಮುಖದಲ್ಲಿ ನಗು ನೋಡುವ ಆಸೆಯಿತ್ತು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಇನ್ನು ಚೌಕಾಬಾರ! ನಾಲ್ಕು ಕವಡೆ ಎಲ್ಲ ಅಂಗಾತ ಬಿದ್ದರೆ ನಾಲ್ಕು, ಎಲ್ಲ ಮಗುಚಿದರೆ ಎಂಟು. ಎಷ್ಟು ಬಿದ್ದರೆ ಆಚೆಯವರ ಕಾಯಿ ಹೊಡೆಯಬಹುದು ಅಂತ ಲೆಕ್ಕ ಹಾಕುವ ಮಗುವಿಗೆ ಯಾವ ವರ್ಕ್‌ಶೀಟೂ ಬೇಡ. ಕವಡೆ ನಾನೇ ಕಳಿಸಿದೆ.

ತಾಯಿಯನ್ನು ಒಂದು ಭಯ ಕಾಡುತ್ತಿತ್ತು: ಹೀಗೆ ಆಟವಾಡುತ್ತ ಕೂತರೆ ಮಗು ಹಿಂದೆ ಬಿದ್ದರೆ? ಆಗ ನಾನು ಲೂಯಿ ಬೆನೆಜೆಟ್ ಕತೆ ಹೇಳಿದೆ. ನ್ಯೂ ಹ್ಯಾಂಪ್‌ಷೈರ್‌ನ ಮ್ಯಾಂಚೆಸ್ಟರ್ ಊರಿನ ಶಾಲೆಗಳ ಮೇಲ್ವಿಚಾರಕ ಆತ. 1929ರಲ್ಲಿ ಕೆಲವು ತರಗತಿಗಳಲ್ಲಿ ಕ್ರಮಬದ್ಧ ಅಂಕಗಣಿತವನ್ನು ಆರನೆಯ ತರಗತಿ ತನಕ ಮುಂದಕ್ಕೆ ಹಾಕಿದ. ಅದರ ಬದಲು ಮಕ್ಕಳು ಅಳೆದರು, ಅಂದಾಜು ಮಾಡಿದರು, ನೋಡಿದ್ದನ್ನು ಮಾತಲ್ಲಿ ಹೇಳಿದರು. ಆಮೇಲೆ ಶುರು ಮಾಡಿದ ಮಕ್ಕಳು ಒಂದೇ ವರ್ಷದಲ್ಲಿ, ಮೊದಲಿನಿಂದ ಲೆಕ್ಕ ಮಾಡುತ್ತ ಬಂದವರನ್ನು ಹಿಡಿದುಬಿಟ್ಟರು ಅಂತ ಆತ ಬರೆದ. ಅಷ್ಟು ತಡ ಮಾಡಿ ಅಂತ ನಾನು ಹೇಳುವುದಿಲ್ಲ. ಮಗ್ಗಿ ಬಾಯಿಗೆ ಬರಲೇಬೇಕು, ಏಳೆಂಟ್ಲೆ ಎಷ್ಟು ಅಂದರೆ ಐವತ್ತಾರು ತಾನಾಗಿ ಬರಬೇಕು, ಅದು ಮುಂದಿನ ಲೆಕ್ಕಕ್ಕೆಲ್ಲ ಬಲ. ಆದರೆ ಗಡಿಯಾರ ಇಟ್ಟುಕೊಂಡು ‘ನಿಮಿಷಕ್ಕೆ ಎಷ್ಟು ಮಾಡಿದೆ’ ಅನ್ನುವುದನ್ನು ಆ ಮನೆಯಲ್ಲಿ ನಿಲ್ಲಿಸಿ ಅಂತ ಗಟ್ಟಿಯಾಗಿಯೇ ಹೇಳಿದೆ. ಹೊಟ್ಟೆನೋವು ಶುರುವಾಗಿದ್ದು ಅಲ್ಲಿಂದ.

ಕೊನೆಗೆ ನಾನು ಕೊಟ್ಟ ಸಲಹೆ: ಈ ಪ್ರಕಾಶಕರು ಮಾದರಿ ಪುಟಗಳನ್ನು ಕೊಡುತ್ತಾರೆ, ಯಾವ ಮಟ್ಟದಿಂದ ಶುರು ಮಾಡಬೇಕೆಂಬ ಪರೀಕ್ಷೆಯನ್ನೂ ಕೊಡುತ್ತಾರೆ. ನಾಲ್ಕಾರು ಪುಸ್ತಕದ ಪುಟಗಳನ್ನು ಮುದ್ರಿಸಿ ಮಗುವಿನ ಮುಂದೆ ಹರಡು. ಯಾವುದನ್ನು ಅವಳು ನೋಡಿ ನಗುತ್ತಾಳೆ ಅನ್ನುವುದು ಬೇಡ. ಯಾವುದರ ಮೇಲೆ ಕೇಳದೆ ಪೆನ್ಸಿಲ್ ಇಡುತ್ತಾಳೆ ನೋಡು. ಅರ್ಧ ವರ್ಷದ ಪುಸ್ತಕ ಮಾತ್ರ ಕೊಂಡುಕೋ. ವಯಸ್ಸಿಗೆ ಒಂದು ಮಟ್ಟ ಕೆಳಗಿನದು ಬಂದರೂ ನಾಚಬೇಡ. ತಿಂಗಳಿಗೊಂದು ಪುಸ್ತಕ ಬದಲಿಸಲೂ ಬೇಡ.

ಹುಡುಗಿ ಸಿಂಗಪುರದ ಪಟ್ಟಿಗಳನ್ನು ಆರಿಸಿದಳು, ಮಲಗುವ ಮುಂಚೆ ಓದಲು ರಾಕ್ಷಸರನ್ನು. ಪುಸ್ತಕ ಬರುವ ತನಕ ಏನು ಮಾಡಿಸಲಿ ಅಂತ ತಾಯಿ ಕೇಳಿದ್ದಕ್ಕೆ ದೇವಳಾಲಿಯ ಶಾಲಾ ಮೇಷ್ಟರು ಕಾಪ್ರೇಕರರ ಆಟ ಹೇಳಿದೆ. ಯಾವುದಾದರೂ ನಾಲ್ಕಂಕಿ ಸಂಖ್ಯೆ ತೆಗೆದುಕೋ, ನಾಲ್ಕೂ ಅಂಕಿ ಒಂದೇ ಇರಬಾರದು ಅಷ್ಟೇ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಅದರಿಂದ ಕಳೆ. ಬಂದದ್ದಕ್ಕೆ ಮತ್ತೆ ಹಾಗೇ ಮಾಡು. 3524 ಅಂದುಕೊಂಡರೆ 5432ರಲ್ಲಿ 2345 ಹೋಗಿ 3087. 8730ರಲ್ಲಿ 0378 ಹೋಗಿ 8352. 8532ರಲ್ಲಿ 2358 ಹೋಗಿ 6174. ಅಲ್ಲಿಗೆ ನಿಂತಿತು, ಇನ್ನೆಷ್ಟು ಸಲ ಮಾಡಿದರೂ 6174. ಯಾವ ಸಂಖ್ಯೆ ಹಿಡಿದರೂ ಅಲ್ಲಿಗೇ ಬರುತ್ತದೆ ಎಂದು ಕಾಪ್ರೇಕರ್ 1949ರಲ್ಲಿ ಕಂಡುಕೊಂಡರು. ದಶಕ ತೆಗೆದುಕೊಂಡು ಕಳೆಯುವ ಅಭ್ಯಾಸ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಸಿಗಬೇಕು! ಮೂರಂಕಿಯಲ್ಲಿ ಮಾಡಿದರೆ ಬೇರೊಂದು ಸಂಖ್ಯೆಗೆ ಬಂದು ನಿಲ್ಲುತ್ತದೆ. ಅದು ಯಾವುದು ಅಂತ ಮಗುವಿಗೆ ಹೇಳಬೇಡ ಅಂದೆ. ತಾಯಿಗೂ ಹೇಳಲಿಲ್ಲ.