ಮಂದ್ರದ ಮೂಟೆ

ತಂಬೂರಿಯ ನಾದ ನಮ್ಮ ಗಮನಕ್ಕೆ ಬರುವುದು ಅದು ನಿಂತಾಗ. ಬಾಸ್ ಗಿಟಾರಿನದೂ ಅದೇ ಕತೆ. ವೇದಿಕೆಯ ಮುಂದೆ ಕುಳಿತವರು ಹಾಡುವವನನ್ನು ನೋಡುತ್ತಾರೆ, ಲೀಡ್ ಗಿಟಾರಿನವನ ಬೆರಳುಗಳನ್ನು ನೋಡುತ್ತಾರೆ, ಡ್ರಮ್ಸ್‌ನವನ ಆರ್ಭಟಕ್ಕೆ ತಲೆದೂಗುತ್ತಾರೆ. ಹಿಂದೆ, ಒಂದು ಪಕ್ಕದಲ್ಲಿ, ದಪ್ಪ ತಂತಿಗಳ ಉದ್ದ ಕುತ್ತಿಗೆಯ ಗಿಟಾರು ಹಿಡಿದು ನಿಂತವನ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಆದರೆ ಅವನ ಕೇಬಲ್ ಒಮ್ಮೆ ಕೈಕೊಡಲಿ, ಹಾಡಿನ ಕಾಲ ಕೆಳಗಿನ ನೆಲವೇ ಜಾರಿದಂತಾಗುತ್ತದೆ. 1981ರಲ್ಲಿ ಬಂದ ಶಂಕರ್‌ನಾಗ್ ಅವರ 'ಗೀತಾ' ಚಿತ್ರದ ಹಾಡುಗಳನ್ನು ಹೆಡ್‌ಫೋನಿನಲ್ಲಿ ಮತ್ತೊಮ್ಮೆ ಕೇಳಿದರೆ ಈ ಮಾತು ಅರ್ಥವಾದೀತು. ಅಪ್ಪ ಅಮ್ಮಂದಿರು ಇಷ್ಟು ವರ್ಷ ಗುನುಗಿಕೊಂಡು ಬಂದ ಇಳಯರಾಜಾ ಅವರ ಆ ರಾಗಗಳ ಅಡಿಯಲ್ಲಿ ಇನ್ನೊಂದು ಹಾಡು ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ.

ಇಂಥ ವಾದ್ಯ ಕಲಿಯುತ್ತೇನೆಂದು ಮನೆಯಲ್ಲೊಬ್ಬ ಮಗ ಹೊರಟರೆ ಮೊದಮೊದಲು ಯಾರಿಗೂ ತೊಂದರೆಯಿಲ್ಲ. ಗಿಟಾರಿನ ತೂಕ ಸುಮಾರು ನಾಲ್ಕು ಕಿಲೋ. ಚೀಲಕ್ಕೆ ಹಾಕಿ ಹೆಗಲಿಗೇರಿಸಿದರೆ ಸಿಟಿ ಬಸ್ಸಿನಲ್ಲೂ ಹೋಗಬಹುದು. ಆಳೆತ್ತರದ ಡಬಲ್ ಬಾಸನ್ನು ಹೊತ್ತು ತಿರುಗುವ ಕಷ್ಟ ತಪ್ಪಲೆಂದೇ ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದದ್ದು. ಆದರೆ ವಾದ್ಯ ಇಳಿಸಿದ ಭಾರವನ್ನು ಆಂಪ್ಲಿಫೈಯರು ಮತ್ತೆ ಹೇರಿತು. 1969ರಲ್ಲಿ ಆಂಪೆಗ್ ಕಂಪನಿ ತಂದ ಎಸ್‌ವಿಟಿ ಎಂಬ ಯಂತ್ರಕ್ಕೆ 300 ವಾಟ್ ಶಕ್ತಿ. ಅದರ ತಲೆಯೊಂದೇ 35 ಕಿಲೋ ಮೀರಿತ್ತು, ಹತ್ತಿಂಚಿನ ಎಂಟು ಸ್ಪೀಕರುಗಳ ಪೆಟ್ಟಿಗೆ 60 ಕಿಲೋ ದಾಟಿತ್ತು. ವಾದಕರು ಅದಕ್ಕೆ ಪ್ರೀತಿಯಿಂದಲೋ ಬೆನ್ನುನೋವಿನಿಂದಲೋ 'ಫ್ರಿಜ್ಜು' ಎಂದು ಹೆಸರಿಟ್ಟರು.

ಮೈಸೂರಿನ ಒಂದು ಮನೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಮಗ ಎಂಜಿನಿಯರಿಂಗ್ ಎರಡನೇ ವರ್ಷ, ತಂದೆ ವಿದ್ಯುತ್ ಇಲಾಖೆಯಲ್ಲಿ ಕಿರಿಯ ಎಂಜಿನಿಯರು. ಕಾಲೇಜಿನ ತಂಡದಲ್ಲಿ ಬಾಸ್ ನುಡಿಸುವ ಜಾಗ ಸಿಕ್ಕಿದ ವಾರವೇ ಮಗ ಒಂದು ಪಟ್ಟಿ ತಯಾರಿಸಿದ. ದೊಡ್ಡ ಆಂಪು, ಅದಕ್ಕೆ ತಕ್ಕ ಕ್ಯಾಬಿನೆಟ್ಟು, ಎಂಟು ಎಫೆಕ್ಟ್ ಪೆಡಲುಗಳು, ಅವನ್ನು ಜೋಡಿಸುವ ಹಲಗೆ, ಹಲಗೆಗೊಂದು ಪೆಟ್ಟಿಗೆ. ತಂದೆ ಕನ್ನಡಕ ಸರಿಮಾಡಿಕೊಂಡು ಓದಿದರು.

"ಏನೋ ಇದು, ಮದುವೆ ಸಾಮಾನಿನ ಪಟ್ಟಿ ಇದ್ದ ಹಾಗಿದೆಯಲ್ಲೋ?"

"ನಿಮಗೆ ಗೊತ್ತಾಗಲ್ಲ ಅಪ್ಪ. ಸ್ಟೇಜ್ ಮೇಲೆ ಇಷ್ಟೂ ಬೇಕೇ ಬೇಕು."

"ಸಂಗೀತ ಗೊತ್ತಾಗಲ್ಲಪ್ಪ. ವಾಟು, ಓಮು ಗೊತ್ತಾಗುತ್ತೆ. ಬಾ ಕೂತ್ಕೋ."

ಬಹಳ ಮನೆಗಳಲ್ಲಿ ಇಂಥ ಮಾತು ಇಲ್ಲಿಗೇ ಮುರಿದು ಬೀಳುತ್ತದೆ. ಮಗನಿಗೆ ತನ್ನ ಆಸೆ ಯಾರಿಗೂ ಅರ್ಥವಾಗದೆಂಬ ಕೋಪ, ತಂದೆಗೆ ಸೆಮಿಸ್ಟರ್ ಫೀಸು ಕಟ್ಟಿದ ತಿಂಗಳಲ್ಲೇ ಇದೇನು ಎಂಬ ಸಂಕಟ. ಈ ಮನೆಯಲ್ಲಿ ಮಾತು ಮುಂದುವರಿಯಿತು. ಪಟ್ಟಿ ಮೂರು ಸಂಜೆ ಊಟದ ಮೇಜಿನ ಮೇಲೆಯೇ ಇತ್ತು.

ಮೊದಲ ಪ್ರಶ್ನೆ, ನುಡಿಸುವುದು ಎಲ್ಲಿ? ದಸರೆಗೆ ಮುನ್ನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮವೋ, ಕಾಲೇಜಿನ ವಾರ್ಷಿಕೋತ್ಸವವೋ ಆದರೆ ಅಲ್ಲಿ ದೊಡ್ಡ ಧ್ವನಿವರ್ಧಕಗಳ ವ್ಯವಸ್ಥೆ ಇದ್ದೇ ಇರುತ್ತದೆ. ಸಭೆಗೆ ಸದ್ದು ಮುಟ್ಟಿಸುವುದು ಅದರ ಕೆಲಸ, ವಾದಕನ ಆಂಪಿನದಲ್ಲ. ಅಲ್ಲಿಗೆ ಬೇಕಾದದ್ದು ಡಿಐ ಎಂಬ ಅಂಗೈಯಗಲದ ಪೆಟ್ಟಿಗೆ. ಗಿಟಾರಿನಿಂದ ಹೊರಡುವ ಸಂಕೇತ ಬಲು ನಾಜೂಕು. ಉದ್ದದ ಸಾಮಾನ್ಯ ಕೇಬಲಿನಲ್ಲಿ ಕಳಿಸಿದರೆ ಅದರ ಹೊಳಪು ಮಾಸುತ್ತದೆ, ದಾರಿಯಲ್ಲಿ ಗುಂಯ್ ಎನ್ನುವ ಕರೆಂಟಿನ ಸದ್ದನ್ನೂ ಸೇರಿಸಿಕೊಳ್ಳುತ್ತದೆ. ಡಿಐ ಅದನ್ನು ಮೈಕಿನ ಕೇಬಲಿಗೆ ಒಗ್ಗುವಂತೆ ಬದಲಿಸುತ್ತದೆ. ಆಮೇಲೆ ಹತ್ತಾರು ಮೀಟರ್ ದೂರದ ಮಿಕ್ಸರಿಗೂ ಅದು ಕೆಡದೆ ತಲುಪುತ್ತದೆ. ಆಂಪಿನ ಬನಿಯನ್ನೂ ಡಿಐ ಕೆಲಸವನ್ನೂ ಒಂದೇ ಪೆಡಲಿನಲ್ಲಿ ಸೇರಿಸಿದ ಸಾನ್ಸ್‌ಆಂಪ್‌ನಂಥ ಪೆಟ್ಟಿಗೆಗಳು 1990ರ ದಶಕದಿಂದಲೇ ಬಳಕೆಯಲ್ಲಿವೆ. ಫ್ರಿಜ್ಜು ಮಾಡುತ್ತಿದ್ದ ಕೆಲಸದ ಬಹುಪಾಲು ಹೀಗೆ ಊಟದ ಡಬ್ಬಿಯಷ್ಟು ಜಾಗಕ್ಕೆ ಇಳಿಯಿತು.

ಗಣೇಶನ ಪೆಂಡಾಲಿನ ರಸಮಂಜರಿ, ಸಣ್ಣ ಸಭಾಂಗಣ, ಗೆಳೆಯನ ಮನೆಯ ಅಭ್ಯಾಸ ಇವುಗಳ ಮಾತು ಬೇರೆ. ಅಲ್ಲಿ ಸ್ವಂತ ಆಂಪು ಬೇಕಾಗುತ್ತದೆ. ಎಷ್ಟು ವಾಟಿನದು? "200 ವಾಟ್ ಅಂದರೆ 100ರ ಎರಡರಷ್ಟು ಸದ್ದು ತಾನೆ?" ಎಂದ ಮಗ. ಅಲ್ಲ. ವಾಟು ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ 'ಎರಡರಷ್ಟಾಯಿತು' ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತರಷ್ಟು ವಾಟು ಬೇಕು. ಹಾಗಾಗಿ ಅಂಗಡಿಯವನು 300ರ ಬದಲು 500 ತೋರಿಸಿದಾಗ ಹೆಚ್ಚುವ ಸದ್ದಿಗಿಂತ ಹೆಚ್ಚುವ ಬೆಲೆಯೇ ದೊಡ್ಡದಾಗಿರಬಹುದು.

ಇನ್ನು ತೂಕ. ಹಳೆಯ ಆಂಪುಗಳಲ್ಲಿ ಭಾರವೆಲ್ಲ ಟ್ರಾನ್ಸ್‌ಫಾರ್ಮರಿನದು, ಬಿಸಿ ಹೊರಹಾಕುವ ಅಲ್ಯೂಮಿನಿಯಮ್ಮಿನದು. ಈಗಿನ 'ಕ್ಲಾಸ್ ಡಿ' ಆಂಪುಗಳು ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಹಾಕಿ ಆರಿಸುವ ಸ್ವಿಚ್ಚಿನ ರೀತಿಯಲ್ಲಿ ಕೆಲಸ ಮಾಡುತ್ತವೆ. ಹೆಚ್ಚು ಶಕ್ತಿ ಬಿಸಿಯಾಗಿ ಪೋಲಾಗುವುದಿಲ್ಲ. ಆದ್ದರಿಂದಲೇ ಎರಡು ಮೂರು ಕಿಲೋ ತೂಗುವ ಪೆಟ್ಟಿಗೆಯಿಂದ 300ರಿಂದ 500 ವಾಟ್ ಬರುವುದು ಈಗ ಸಾಮಾನ್ಯ. ಸ್ಪೀಕರಿನ ಭಾರವಾದ ಅಯಸ್ಕಾಂತದ ಬದಲು ನಿಯೊಡಿಮಿಯಮ್ ಬಳಸಿದ್ದರಿಂದ ಕ್ಯಾಬಿನೆಟ್ಟೂ ಹಗುರವಾಗಿದೆ.

ಆದರೂ ಪ್ರಕೃತಿ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಪೆಟ್ಟಿಗೆ ಚಿಕ್ಕದಿರಬೇಕು, ಸ್ವರ ಆಳವಾಗಿರಬೇಕು, ಸದ್ದು ಜೋರಾಗಿರಬೇಕು ಎಂಬ ಮೂರು ಆಸೆಗಳಲ್ಲಿ ಎರಡನ್ನು ಮಾತ್ರ ಪೂರೈಸಿಕೊಳ್ಳಬಹುದು. ಧ್ವನಿತಜ್ಞರು ಇದನ್ನು ಹಾಫ್‌ಮನ್ ನಿಯಮ ಎನ್ನುತ್ತಾರೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಆ ಅಲೆಯೊಂದರ ಉದ್ದವೇ ಎಂಟು ಮೀಟರಿಗಿಂತ ಹೆಚ್ಚು. ಚಿಕ್ಕ ಪೆಟ್ಟಿಗೆ ಅದನ್ನು ಪೂರ್ತಿಯಾಗಿ ಹೊರಡಿಸಲಾರದು. ಆದರೆ ನಮ್ಮ ಕಿವಿ ಜಾಣ. ಮೂಲ ಸ್ವರ ಕ್ಷೀಣವಾದರೂ ಅದರೊಂದಿಗೆ ಹುಟ್ಟುವ 82, 123ರ ಮೇಲಿನ ಅನುಸ್ವರಗಳನ್ನು ಕೇಳಿ 'ಇದು ಆ ಸ್ವರವೇ' ಎಂದು ಗುರುತಿಸುತ್ತದೆ. ಹನ್ನೆರಡಿಂಚಿನ ಒಂದೇ ಸ್ಪೀಕರಿನ ಒಳ್ಳೆಯ ಕ್ಯಾಬಿನೆಟ್ಟು ಸಣ್ಣ ಸಭಾಂಗಣಕ್ಕೆ ಸಾಲುವುದರ ಗುಟ್ಟು ಇದೇ.

ಓಮಿನ ವಿಚಾರದಲ್ಲಿ ತಂದೆಯೇ ಮೇಷ್ಟರಾದರು. ಆಂಪಿನ ಬೆನ್ನ ಮೇಲೆ 'ಕನಿಷ್ಠ 4 ಓಮ್' ಎಂದಿದ್ದರೆ 8 ಓಮಿನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಬಹುದು, ಒಟ್ಟು ನಾಲ್ಕಾಗುತ್ತದೆ. 4 ಓಮಿನ ಎರಡನ್ನು ಜೋಡಿಸಿದರೆ ಎರಡಕ್ಕಿಳಿದು ಆಂಪು ಸುಟ್ಟೀತು. ಮೊದಲು 8 ಓಮಿನ ಒಂದು ಪೆಟ್ಟಿಗೆ ಕೊಂಡು, ಕೈಯಲ್ಲಿ ಕಾಸು ಓಡಾಡಿದಾಗ ಅಂಥದ್ದೇ ಇನ್ನೊಂದನ್ನು ಸೇರಿಸುವುದು ಬುದ್ಧಿವಂತಿಕೆ. ಆಂಪಿನಿಂದ ಸ್ಪೀಕರಿಗೆ ಹೋಗುವ ತಂತಿ ದಪ್ಪನೆಯ ಸ್ಪೀಕರ್ ಕೇಬಲ್ಲೇ ಆಗಿರಬೇಕು. ನೋಡಲು ಒಂದೇ ರೀತಿಯಿದ್ದರೂ ಗಿಟಾರಿನ ಕೇಬಲ್ ಆ ಕೆಲಸಕ್ಕಲ್ಲ.

ಅಮೆರಿಕದಲ್ಲಿರುವ ಅಕ್ಕನ ಮಗ ತಂದುಕೊಡುತ್ತೇನೆಂದ ಆಂಪಿನ ಆಸೆಯೂ ಆ ಸಂಜೆಯೇ ಇತ್ಯರ್ಥವಾಯಿತು. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ಎರಡಕ್ಕೂ ಹೊಂದುತ್ತದೆಂದು ಯಂತ್ರದ ಮೇಲೆ ಬರೆದಿದ್ದರೆ ಸರಿ. ಇಲ್ಲವಾದರೆ ಬರೀ ಪಿನ್ ಬದಲಿಸಿ ಚುಚ್ಚಿದ ಕ್ಷಣಕ್ಕೆ ಹೊಗೆ.

ಎಂಟು ಪೆಡಲುಗಳ ಕತೆ ಎರಡನೇ ಸಂಜೆಗೆ ಬಂತು. ಮಗ ನುಡಿಸಬೇಕಾದ ಹತ್ತು ಹಾಡುಗಳನ್ನು ಬರೆದು, ಒಂದೊಂದರ ಮುಂದೆ ಬೇಕಾದ ಎಫೆಕ್ಟನ್ನು ಗುರುತು ಮಾಡಿದ. ಎಲ್ಲ ಹಾಡಿಗೂ ಬೇಕಾದದ್ದು ಟ್ಯೂನರ್. ಹಾಡುಗಳ ನಡುವೆ ಶ್ರುತಿ ನೋಡುವಾಗ ಅದೇ ಸದ್ದನ್ನೂ ನಿಲ್ಲಿಸುತ್ತದೆ. ಮೆಲ್ಲಗೆ ಮೀಟಿದ್ದನ್ನೂ ಬಿರುಸಾಗಿ ಮೀಟಿದ್ದನ್ನೂ ಒಂದು ಹದಕ್ಕೆ ತರುವ ಕಂಪ್ರೆಸರಿಗೆ ಆರು ಗುರುತು. ಒರಟು ದನಿಯ ಓವರ್‌ಡ್ರೈವಿಗೆ ಮೂರು. ಅದರಲ್ಲೂ ಮೂಲ ಸ್ವರವನ್ನು ಬೆರೆಸಿಕೊಳ್ಳುವ ತಿರುಗುಣಿ ಇದ್ದರೆ ಒಳ್ಳೆಯದು, ಇಲ್ಲವಾದರೆ ಒರಟುತನ ಬಂದ ಹಾಗೆ ಮಂದ್ರ ಮಾಯವಾಗುತ್ತದೆ. ಕೋರಸ್ಸಿಗೆ ಒಂದು. ಉಳಿದ ನಾಲ್ಕಕ್ಕೆ ಸೊನ್ನೆ. ಆ ಸೊನ್ನೆಗಳನ್ನು ಮಗ ತಾನೇ ಬರೆದದ್ದರಿಂದ ಜಗಳಕ್ಕೆ ಆಸ್ಪದವಿರಲಿಲ್ಲ.

ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿದ ಮಲ್ಟಿ ಎಫೆಕ್ಟುಗಳೂ ಇವೆ. ಝೂಮ್ ಬಿ1 ಫೋರ್‌ನಂಥವು ನಾಲ್ಕು ಪೆನ್‌ಸೆಲ್ಲಿನ ಮೇಲೂ ನಡೆಯುತ್ತವೆ. ಕಲಿಯುವವರಿಗೆ ಇವು ವಾಸಿ. ಯಾವ ಎಫೆಕ್ಟು ನಿಜಕ್ಕೂ ಬೇಕೆಂದು ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ. ಬಿಡಿ ಪೆಡಲುಗಳೇ ಬೇಕೆಂದರೆ ಬಹುತೇಕ ಎಲ್ಲಕ್ಕೂ 9 ವೋಲ್ಟು ಬೇಕು, ಪ್ರತಿಯೊಂದೂ ಎಳೆಯುವ ಮಿಲಿ ಆಂಪಿಯರನ್ನು ಕೂಡಿ ಅದಕ್ಕಿಂತ ಹೆಚ್ಚು ಕೊಡುವ ಅಡಾಪ್ಟರ್ ಕೊಳ್ಳಬೇಕು. ಇನ್ನೊಂದು ಎಚ್ಚರ: ಮನೆಯಲ್ಲಿ ಹೆಡ್‌ಫೋನ್ ಹಾಕಿ, ಮಂದ್ರವನ್ನೂ ತಾರವನ್ನೂ ಏರಿಸಿ ನಡುವಿನದನ್ನು ತಗ್ಗಿಸಿ ಮಾಡಿಕೊಂಡ ಸೊಗಸಾದ ದನಿ ತಂಡದ ನಡುವೆ ಕಳೆದುಹೋಗುತ್ತದೆ. ಡ್ರಮ್ಸು, ಕೀಬೋರ್ಡುಗಳ ಗದ್ದಲದಲ್ಲಿ ಬಾಸ್ ಕೇಳಿಸುವುದು ನಡುವಿನ ಕಂಪನಗಳಿಂದ. ಅಭ್ಯಾಸದ ಕೋಣೆಯಲ್ಲಿ, ಎಲ್ಲರೂ ನುಡಿಸುತ್ತಿರುವಾಗಲೇ ದನಿ ಹೊಂದಿಸಬೇಕು.

ತಾಯಿ ಅಲ್ಲಿಯವರೆಗೆ ಸುಮ್ಮನಿದ್ದರು. "ಇಷ್ಟೆಲ್ಲ ಸದ್ದು ಮಾಡಿದರೆ ಇವನ ಕಿವಿ ಗತಿ ಏನು?" ಎಂದರು. ಸರಿಯಾದ ಪ್ರಶ್ನೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆನ್ನುವುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಹದಿನೈದೇ ನಿಮಿಷ. ಕಿವಿ ಒಮ್ಮೆ ಕೆಟ್ಟರೆ ಹೊಸದನ್ನು ತರಲು ಯಾವ ಅಂಗಡಿಯೂ ಇಲ್ಲ. ಚಿಕ್ಕ ಕ್ಯಾಬಿನೆಟ್ಟನ್ನು ನೆಲದ ಮೇಲಿಡದೆ ಗಟ್ಟಿಯಾದ ಸ್ಟೂಲಿನ ಮೇಲೆ ಕಿವಿಯ ಕಡೆಗೆ ತಿರುಗಿಸಿಟ್ಟರೆ, ಕಡಿಮೆ ಸದ್ದಿನಲ್ಲೇ ವಾದಕನಿಗೆ ತನ್ನದು ಕೇಳಿಸುತ್ತದೆ. ಸಂಗೀತಗಾರರಿಗಾಗಿ ಮಾಡಿದ ಇಯರ್‌ಪ್ಲಗ್ಗಿನ ಬೆಲೆ ಒಂದು ಪೆಡಲಿನ ಬೆಲೆಗಿಂತ ಬಹಳ ಕಡಿಮೆ.

ಮೂರನೇ ಸಂಜೆ ತಂದೆ ತಾವಾಗಿಯೇ ಒಂದು ಮಾತು ತೆಗೆದರು. ದನಿ ಸ್ವಲ್ಪ ಗಡಸಾಗಿತ್ತು. ಪೆಂಡಾಲುಗಳಲ್ಲಿ ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಚುಚ್ಚುವುದನ್ನು ಅವರು ಕೆಲಸದ ಮೇಲೆ ಹೋದಾಗ ಎಷ್ಟೋ ಸಲ ನೋಡಿದ್ದರು. ಆ ದೊಡ್ಡ ಪಿನ್ನು ಅರ್ತಿಂಗ್, ಅಂದರೆ ಪ್ರಾಣದ ಪಿನ್ನು. ಗಿಟಾರಿನ ಲೋಹದ ತಂತಿಗಳು ಕೇಬಲಿನ ಮೂಲಕ ಆಂಪಿನ ಮೈಗೆ ಸೇರಿರುತ್ತವೆ. ಅರ್ತಿಂಗ್ ಇಲ್ಲದ ಕಡೆ ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಬಿದ್ದರೆ ವಿದ್ಯುತ್ತು ಎದೆಯ ಮೂಲಕವೇ ಹಾಯಬಹುದು. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್‌ಸಿ ಎಂಬಲ್ಲಿ 'ಸ್ಟೋನ್ ದಿ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಸರಿಯಾದ ಅರ್ತಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡ.

"ನೀನು ಯಾವ ಆಂಪಾದರೂ ತಗೋ. ಟೆಸ್ಟರ್ ಹಾಕಿ ನೋಡದೆ ಮೈಕ್ ಮುಟ್ಟಕೂಡದು. ಅರ್ತಿಂಗ್ ಇಲ್ಲ ಅಂದರೆ ಆವತ್ತು ನುಡಿಸಕೂಡದು. ಸಂಘದವರು ಏನಾದರೂ ಅಂದುಕೊಳ್ಳಲಿ."

ಮಗ ತಲೆಯಾಡಿಸಿದ. ಈ ಸಲ 'ನಿಮಗೆ ಗೊತ್ತಾಗಲ್ಲ' ಎನ್ನಲಿಲ್ಲ.

ಕೊನೆಗೆ ಉಳಿದ ಪಟ್ಟಿ ಅರ್ಧ ಪುಟ. ಎರಡೂವರೆ ಕಿಲೋದ ಆಂಪು, ಹದಿನಾಲ್ಕು ಕಿಲೋದ ಹನ್ನೆರಡಿಂಚಿನ ಕ್ಯಾಬಿನೆಟ್ಟು, ಒಂದು ಮಲ್ಟಿ ಎಫೆಕ್ಟು, ಎರಡು ಒಳ್ಳೆಯ ಕೇಬಲು, ಇಯರ್‌ಪ್ಲಗ್ಗು. ಆಂಪಿನಲ್ಲೇ ಡಿಐ ಇದ್ದುದರಿಂದ ಅದನ್ನು ಬೇರೆ ಕೊಳ್ಳಬೇಕಾಗಿರಲಿಲ್ಲ. ಎಲ್ಲವೂ ಒಮ್ಮೆಗೇ ಅಲ್ಲ: ಈ ಸೆಮಿಸ್ಟರಿಗೆ ಎಫೆಕ್ಟು ಮತ್ತು ಕೇಬಲು, ಆಂಪೂ ಕ್ಯಾಬಿನೆಟ್ಟೂ ಮುಂದಿನ ವರ್ಷ, ಅದೂ ಮಗ ಕಾರ್ಯಕ್ರಮಗಳಿಂದ ತಂದ ದುಡ್ಡಿಗೆ ತಂದೆ ಅಷ್ಟೇ ಸೇರಿಸಿ. ಅಲ್ಲಿಯವರೆಗೆ ಬೇಕಾದಾಗ ಬಾಡಿಗೆಗೆ. ಪಟ್ಟಿಯ ಕೊನೆಯ ಸಾಲು ಮಾತ್ರ ತಂದೆಯ ಅಕ್ಷರದಲ್ಲಿತ್ತು: 'ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡು, ಇಎಲ್‌ಸಿಬಿ ಸಮೇತ. ಒಂದು ಟೆಸ್ಟರ್.' ಅದರ ಮುಂದೆ ಬೆಲೆ ಬರೆದಿರಲಿಲ್ಲ. ಅವೆರಡನ್ನೂ ಅವರು ಮರುದಿನ ಆಫೀಸಿನಿಂದ ಬರುವಾಗಲೇ ತಂದು ಗಿಟಾರಿನ ಚೀಲದ ಜೇಬಿಗೆ ಹಾಕಿಟ್ಟಿದ್ದರು.